ಮೂಗು ಕಟ್ಟಿದಾಗ ಗುವಾಂಗ್‌ಝೌ ಕಷಾಯ: ನನ್ನ ಅನುಭವ

ದಕ್ಷಿಣ ಚೀನಾದ ಗುವಾಂಗ್‌ಝೌನಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಂದು ವಿಚಿತ್ರ ಹವೆ ಇರುತ್ತದೆ. ದಕ್ಷಿಣದ ಸಮುದ್ರದ ಕಡೆಯಿಂದ ಬೆಚ್ಚಗಿನ ಒದ್ದೆ ಗಾಳಿ ಬರುತ್ತದೆ. ಗೋಡೆ, ನೆಲದಲ್ಲಿ ಮಾತ್ರ ಚಳಿಗಾಲದ ತಂಪು ಇನ್ನೂ ಉಳಿದಿರುತ್ತದೆ. ಆ ಗಾಳಿ ಸೋಕಿದ ಕೂಡಲೇ ಗೋಡೆ ಬೆವರುತ್ತದೆ. ಟೈಲ್ಸ್ ಮೇಲೆ ಕಾಲಿಟ್ಟರೆ ಜಾರುತ್ತದೆ, ಒಗೆದ ಬಟ್ಟೆ ಒಣಗುವ ಮಾತೇ ಇಲ್ಲ, ಬೀರುವಿನಲ್ಲಿಟ್ಟ ಬೆಲ್ಟಿನ ಮೇಲೆ ಬೂಸ್ಟು. ಇಲ್ಲಿಯವರು ಇದನ್ನು ಹ್ವೇ ನಾನ್ ತ್ಯೆನ್ ಅನ್ನುತ್ತಾರೆ. ಸೈನಸ್ ಇರುವವರಿಗೆ ಈ ಎರಡು ತಿಂಗಳು ಕಳೆಯುವುದೇ ಕಷ್ಟ.

ನನ್ನದು ಟೈಲ್ಸ್ ಮತ್ತು ಬಾತ್‌ರೂಮ್ ಫಿಟಿಂಗ್ಸ್ ಖರೀದಿಸುವ ಕೆಲಸ. ಪಕ್ಕದ ಫೋಷಾನ್‌ನ ಕಾರ್ಖಾನೆಗಳಿಗೆ ಸದಾ ಓಡಾಟ. ಅಲ್ಲಿ ಜೇಡಿಮಣ್ಣಿನ ಧೂಳು, ಮನೆಗೆ ಬಂದರೆ ಬೂಸ್ಟು. ಮೈಸೂರಿನಲ್ಲಿದ್ದಾಗಲೂ ನನ್ನ ಮೂಗು ಆಗಾಗ ಕಟ್ಟುತ್ತಿತ್ತು. ಇಲ್ಲಿಗೆ ಬಂದ ಮೇಲೆ ಅದು ಖಾಯಂ ಆಯಿತು. ಹುಬ್ಬಿನ ನಡುವೆ ಭಾರ, ಬಗ್ಗಿದರೆ ಕೆನ್ನೆಯ ಮೂಳೆಯಲ್ಲಿ ನೋವು, ರಾತ್ರಿಯೆಲ್ಲ ಬಾಯಲ್ಲೇ ಉಸಿರಾಟ, ಬೆಳಿಗ್ಗೆ ಗಂಟಲಿಗೆ ಇಳಿದ ಕಫ. ಸಾರಿಗೆ ಒಗ್ಗರಣೆ ಹಾಕಿದರೂ ಇಂಗಿನ ವಾಸನೆ ಗೊತ್ತಾಗುತ್ತಿರಲಿಲ್ಲ. ಸಿಟ್ರಿಜಿನ್, ಸ್ಪ್ರೇ, ಆಂಟಿಬಯಾಟಿಕ್ ಎಲ್ಲ ಆಗಿತ್ತು. ಚೀನೀ ಔಷಧಕ್ಕೆ ಹೋಗಿದ್ದು ನಂಬಿಕೆಯಿಂದಲ್ಲ. ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಬಿಡದೆ ಹಿಂದೆ ಬಿದ್ದಿದ್ದಕ್ಕೆ.

ಊರಿನಿಂದ ಫೋನ್ ಮಾಡುವವರು ಈಗಲೂ ಒಂದೇ ಪ್ರಶ್ನೆ ಕೇಳುತ್ತಾರೆ: "ಸೈನಸ್‌ಗೆ ಚೀನಾದಲ್ಲಿ ಯಾವ ಮೂಲಿಕೆ ಕೊಡ್ತಾರೆ? ಹೆಸರು ಹೇಳು ಸಾಕು." ಹೆಸರು ಹೇಳಿ ಪ್ರಯೋಜನವಿಲ್ಲ. ಅಲ್ಲಿ ಕೊಡುವುದು ಒಂದು ಮೂಲಿಕೆಯನ್ನಲ್ಲ, ನಾಲ್ಕೈದರಿಂದ ಹತ್ತು ಹನ್ನೆರಡು ಸಾಮಾನಿನ ಒಂದು ಕಟ್ಟು. ಮೂಗಿನಿಂದ ಈಗ ಏನು ಬರುತ್ತಿದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಹೋದ ವಾರ ಕೆಲಸ ಮಾಡಿದ ಪೊಟ್ಟಣವನ್ನು ಈ ವಾರ ಕೊಡದೇ ಇರಬಹುದು. ಅದನ್ನು ಕುದಿಸುವ ರೀತಿ ತಪ್ಪಿದರೆ ಅರ್ಧ ಗುಣ ಹಬೆಯಾಗಿ ಕಿಟಕಿಯಿಂದ ಹೊರಗೆ.

ಮೊದಲು ಹೋಗಿದ್ದು ಒಂದು ಸರ್ಕಾರಿ ಚೀನೀ ವೈದ್ಯ ಆಸ್ಪತ್ರೆಗೆ. ಇಂಥ ಆಸ್ಪತ್ರೆ ಅಂದರೆ ಸುಮ್ನೆ ನಾಡಿ ಹಿಡಿದು ಪುಡಿ ಕಟ್ಟಿ ಕೊಡುವ ಜಾಗ ಅಂದುಕೊಳ್ಳಬೇಡಿ. ಸಿಟಿ ಸ್ಕ್ಯಾನ್, ರಕ್ತಪರೀಕ್ಷೆ, ಪ್ರತ್ಯೇಕ ಕಿವಿ-ಮೂಗು-ಗಂಟಲು ವಿಭಾಗ ಎಲ್ಲವೂ ಇರುತ್ತದೆ. ಡಾಕ್ಟರಮ್ಮ ಮೊದಲು ಸಣ್ಣ ಕ್ಯಾಮೆರಾ ಕೊಳವೆಯನ್ನು ಮೂಗಿಗೆ ತೂರಿಸಿ, ಒಳಗೆ ಹೇಗೆ ಊದಿಕೊಂಡಿದೆ ಅಂತ ಪರದೆಯ ಮೇಲೆ ನನಗೇ ತೋರಿಸಿದರು. ಸ್ಕ್ಯಾನ್‌ನಲ್ಲಿ ಕೆನ್ನೆಯ ಸೈನಸ್ ತುಂಬಿಕೊಂಡಿದ್ದು ಕಂಡಿತು. ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡಿದರು. ನಾಲಿಗೆ ಚಾಚಿಸಿದರು. ಮತ್ತೆ ಪ್ರಶ್ನೆಗಳು. ನೀರಿನಂತೆ ಸುರಿಯುತ್ತದೋ, ಗಟ್ಟಿಯೋ? ಬಿಳಿಯೋ, ಹಳದಿಯೋ? ಬೆಳಿಗ್ಗೆ ಎದ್ದ ಕೂಡಲೇ ಸೀನು ಬರುತ್ತದಾ? ತಣ್ಣನೆ ಗಾಳಿ ಆಗುವುದಿಲ್ಲವಾ? ಬಾಯಾರಿಕೆ ಹೇಗಿದೆ? ಹೊಟ್ಟೆ ಕಟ್ಟುತ್ತದಾ, ಸಡಿಲವಾ? ಮೂಗು ತೋರಿಸಲು ಹೋದವರ ಹೊಟ್ಟೆಯ ವಿಚಾರ ಯಾಕೆ ಅನ್ನಿಸಿತು. ಆದರೆ ಮದ್ದಿನ ಕಟ್ಟು ನಿರ್ಧಾರವಾಗುವುದೇ ಈ ಉತ್ತರಗಳ ಮೇಲೆ.

ಅವರ ಲೆಕ್ಕ ಸ್ಥೂಲವಾಗಿ ಹೀಗೆ. ತೆಳ್ಳಗೆ ನೀರಿನಂತೆ ಸುರಿದು, ಚಳಿಗೆ ಜಾಸ್ತಿಯಾದರೆ ಅದು ಶೀತದ ಮೂಗು. ಹಳದಿಯಾಗಿ ಗಟ್ಟಿಯಾಗಿ ಬಂದು, ತಲೆ ಸಿಡಿದು, ಬಾಯಿ ಕಹಿಯಾದರೆ ಉಷ್ಣದ ಮೂಗು. ಯಾವಾಗಲೂ ಬಿಳಿ ಅಂಟು ಕಫ, ಸುಸ್ತು, ಹೊಟ್ಟೆ ಸರಿಯಿಲ್ಲ ಅಂದರೆ ಜೀರ್ಣಶಕ್ತಿ ಕುಂದಿ ಮೈಯಲ್ಲಿ ಒದ್ದೆ ನಿಂತಿದೆ ಅಂತ. 'ಹೀಟು' 'ಶೀತ' ಅಂತ ದಿನಾ ಮಾತಾಡುವ ನಮಗೆ ಇದು ಹೊಸದೇನಲ್ಲ, ಅಲ್ವಾ? ನನ್ನದು ಆ ಹೊತ್ತಿಗೆ ಉಷ್ಣದ್ದು. ಪಿತ್ತಕೋಶದ ಉಷ್ಣ ಮೆದುಳಿಗೆ ಏರಿ ಮೂಗು ಸೋರುತ್ತದೆ ಅಂತ ಹ್ವಾಂಗ್‌ದಿ ನೇಯ್‌ಜಿಂಗ್ ಎಂಬ ಪುರಾತನ ಗ್ರಂಥದಲ್ಲಿ ಬರುತ್ತದೆ. ಅದನ್ನು ಅಕ್ಷರಶಃ ನಂಬಲು ನನ್ನಿಂದಾಗದು. ಸಿಂಬಳ ಹಳದಿಯಾಗುವುದು ಅದರಲ್ಲಿರುವ ಬಿಳಿರಕ್ತಕಣಗಳಿಂದ. ಬಣ್ಣ ಒಂದನ್ನೇ ನೋಡಿ ಬ್ಯಾಕ್ಟೀರಿಯಾ ಇದೆ ಅಂತ ಹೇಳುವ ಹಾಗೂ ಇಲ್ಲ. ಆದರೂ ಮೂಗು ಕಟ್ಟಿದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸದೆ ಹೀಗೆ ವಿಂಗಡಿಸುವುದು ನನಗೆ ಇಷ್ಟವಾಯಿತು.

ಡಾಕ್ಟರಮ್ಮ ಬರೆದ ಮದ್ದಿನ ಚೀಟಿಯ ಮೂಲ ಬಹಳ ಹಳೆಯದು. ಸೋಂಗ್ ರಾಜರ ಕಾಲದ ಯಾನ್ ಯೋಂಗ್‌ಹ ಎಂಬ ವೈದ್ಯ 1253ರಲ್ಲಿ ಬರೆದ ಜಿ ಶಂಗ್ ಫಾಂಗ್ ಗ್ರಂಥದಲ್ಲಿ ತ್ಸಾಂಗ್‌ಅರ್‌ಜ಼ ಸಾನ್ ಎಂಬ ಚೂರ್ಣವಿದೆ. ಅದರಲ್ಲಿ ನಾಲ್ಕೇ ಸಾಮಾನು. ತ್ಸಾಂಗ್‌ಅರ್‌ಜ಼, ಅಂದರೆ ಮುಳ್ಳುಮುಳ್ಳಿನ ಒಂದು ಕಾಯಿ. ಶಿನ್ ಯಿ, ಮ್ಯಾಗ್ನೋಲಿಯಾ ಮರದ ಮೊಗ್ಗು. ಬಾಯ್ ಜಿ, ಘಮಘಮಿಸುವ ಬಿಳಿ ಬೇರು. ಮತ್ತೆ ಪುದೀನ. ಆಗ ಇದನ್ನು ಪುಡಿ ಮಾಡಿ, ಊಟವಾದ ಮೇಲೆ ಈರುಳ್ಳಿ ಹೂವಿನ ದಂಟು ಹಾಕಿದ ಚಹಾದಲ್ಲಿ ಕಲಸಿ ಕುಡಿಯುತ್ತಿದ್ದರಂತೆ. ಈಗಿನ ಡಾಕ್ಟರರು ಈ ನಾಲ್ಕನ್ನು ಇಟ್ಟುಕೊಂಡು ಸುತ್ತ ಬೇರೆ ಸೇರಿಸುತ್ತಾರೆ. ನನಗೆ ಉಷ್ಣ ಇಳಿಸಲು ಹ್ವಾಂಗ್ ಚಿನ್ ಎಂಬ ಹಳದಿ ಕಹಿಬೇರು, ಕಫ ಕರಗಲು ಜಿಯೆ ಗಂಗ್ ಬೇರು, ಎಲ್ಲವನ್ನೂ ಹೊಂದಿಸಲು ನಮ್ಮ ಜ್ಯೇಷ್ಠಮಧುವಿನ ಜಾತಿಯದೇ ಆದ ಗಾನ್ ತ್ಸಾವ್ ಬರೆದರು. ಜೊತೆಗೆ ಯು ಶಿಂಗ್ ತ್ಸಾವ್. ಮೀನಿನ ವಾಸನೆಯ ಎಲೆ ಅದು. ಗುಯ್‌ಝೌ ಕಡೆ ಅದರ ಬೇರನ್ನು ಕೋಸಂಬರಿ ಥರ ಹಸಿಯಾಗಿಯೇ ತಿನ್ನುತ್ತಾರೆ. ಮೂಗು ಕಟ್ಟಿದ್ದರಿಂದ ಆ ವಾಸನೆ ತಾಳಿಕೊಂಡೆ.

ಹಳೆಯ ಗ್ರಂಥಗಳಲ್ಲಿ ತೂಕ 'ಚಿಯೆನ್' ಲೆಕ್ಕದಲ್ಲಿದೆ. 1979ರಿಂದ ಚೀನಾದಲ್ಲಿ ಚೀಟಿ ಬರೆಯುವುದು ಗ್ರಾಂನಲ್ಲೇ, ಒಂದು ಚಿಯೆನ್‌ಗೆ ಸುಮಾರು 3 ಗ್ರಾಂ. ತ್ಸಾಂಗ್‌ಅರ್‌ಜ಼, ಶಿನ್ ಯಿ, ಬಾಯ್ ಜಿ ಮೂರಕ್ಕೂ ಅಲ್ಲಿಯ ಸರ್ಕಾರಿ ಔಷಧಕೋಶ, ಅಂದರೆ ಮದ್ದುಗಳ ಅಧಿಕೃತ ಗ್ರಂಥ, ಹೇಳುವ ದಿನದ ಪ್ರಮಾಣ 3ರಿಂದ 10 ಗ್ರಾಂ.

ಔಷಧಿ ಕೌಂಟರ್ ಹಿಂದೆ ನೆಲದಿಂದ ಚಾವಣಿಯವರೆಗೆ ಬರೀ ಮರದ ಡ್ರಾಯರ್. ನಮ್ಮ ಗ್ರಂಧಿಗೆ ಅಂಗಡಿ ನೆನಪಾಗದೇ ಇರದು. ಅಲ್ಲಿ ಮೂರು ದಾರಿಯಿತ್ತು. ಮೂಲಿಕೆಯನ್ನು ಹಾಗೇ ತೂಗಿಸಿಕೊಂಡು ಮನೆಯಲ್ಲಿ ಕುದಿಸುವುದು, ಅವರೇ ಕುದಿಸಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಕೊಡುವುದು, ಅಥವಾ ಬಿಸಿನೀರಿಗೆ ಹಾಕಿದರೆ ಕರಗುವ ಹರಳು ಪುಡಿ. ಆಫೀಸಿಗೆ ಹೋಗುವವರೆಲ್ಲ ಎರಡನೆಯದನ್ನೋ ಮೂರನೆಯದನ್ನೋ ತೆಗೆದುಕೊಳ್ಳುತ್ತಾರೆ. ನಾನು ಮೊದಲನೆಯದನ್ನೇ ಆರಿಸಿದೆ. ಮೂಗಿನ ಮದ್ದಿನಲ್ಲಿ ಅರ್ಧಕ್ಕರ್ಧ ಕೆಲಸ ಸುಗಂಧದ ಎಣ್ಣೆಗಳದು. ಅವು ಬೇಗ ಹಾರಿಹೋಗುತ್ತವೆ. ಪಾತ್ರೆ ಎದುರಿಗಿದ್ದರೆ ಆ ಹಬೆಯೂ ನನಗೇ ಸಿಗುತ್ತದಲ್ಲ!

ಎರಡನೇ ಸಲ ಚೀಟಿ ಬದಲಾಯಿಸಿಕೊಂಡು ಬಂದು ಪೊಟ್ಟಣ ಬಿಚ್ಚಿದಾಗ ಮಾತ್ರ ಬೆಚ್ಚಿಬಿದ್ದೆ. ಬೇರಿನ ಚಕ್ಕೆಗಳ ನಡುವೆ ಒಂದು ಹುಳು ಕೂತಿತ್ತು. ಕಣ್ಣು, ಮಡಚಿದ ಕಾಲು, ಬೆನ್ನಿನ ಮೇಲೆ ಉದ್ದಕ್ಕೆ ಸೀಳು, ಎಲ್ಲ ಕಂದು ಬಣ್ಣದ ತೆಳು ಗಾಜಿನ ಹಾಗೆ. ಕೈಯಲ್ಲಿ ಎತ್ತಿದರೆ ತೂಕವೇ ಇಲ್ಲ. ಜೀರುಂಡೆ ಕಳಚಿ ಬಿಟ್ಟ ಪೊರೆ ಅದು, ಚಾನ್ ತ್ವೆ ಅನ್ನುತ್ತಾರೆ. ಸೀನು, ಮೂಗಿನ ತುರಿಕೆ ಜಾಸ್ತಿ ಇರುವವರಿಗೆ ಬರೆಯುತ್ತಾರಂತೆ. ನಾನು ಸಸ್ಯಾಹಾರಿ ಅಂತ ಮೊದಲೇ ಹೇಳಿದ್ದೆ. ಆದರೆ ಅಲ್ಲಿ ಆ ಮಾತು ಊಟಕ್ಕೆ ಮಾತ್ರ ಅನ್ವಯ, ಔಷಧಿಗಲ್ಲ. ಮಾರನೇ ದಿನ ಡಾಕ್ಟರಮ್ಮನಿಗೆ ಹೇಳಿದಾಗ ಜೋರಾಗಿ ನಕ್ಕು ಚೀಟಿಯಿಂದ ಅದನ್ನು ಹೊಡೆದುಹಾಕಿದರು. "ಎರೆಹುಳು ಬರೆಯಬೇಕು ಅಂತಿದ್ದೆ, ಪುಣ್ಯಕ್ಕೆ ಬರೆಯಲಿಲ್ಲ" ಅಂದರು. ತಮಾಷೆಯಲ್ಲ, ಎರೆಹುಳುವೂ ಅವರ ಪಟ್ಟಿಯಲ್ಲಿದೆ. ಸೈನಸ್‌ಗೆ ಅಂಗಡಿಯಲ್ಲಿ ಸಿಗುವ ಹ್ವೋ ದಾನ್ ವಾನ್ ಎಂಬ ಗುಳಿಗೆಯಲ್ಲಿ ಇರುವುದೂ ಎರಡೇ ಸಾಮಾನು: ಪಚೋಲಿ ಎಲೆ ಮತ್ತು ಹಂದಿಯ ಪಿತ್ತರಸದ ಪುಡಿ. ನಮ್ಮ ಕಡೆಯವರು ಚೀನಾದಲ್ಲಿ ಔಷಧಿ ತೆಗೆದುಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಒಂದು ಸಾಮಾನಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಶಿನ್ ಯಿ ಮೊಗ್ಗು ಕಿರುಬೆರಳಿನ ತುದಿಯಷ್ಟು ಇರುತ್ತದೆ. ಮೇಲೆಲ್ಲ ಬೂದು-ಹಸಿರು ರೇಷ್ಮೆಯಂಥ ಕೂದಲು, ತುದಿ ಚೂಪು, ಬುಡದಲ್ಲಿ ಸಣ್ಣ ತೊಟ್ಟು. ಮ್ಯಾಗ್ನೋಲಿಯಾ ಅರಳುವ ಮೊದಲು, ಚಳಿಗಾಲದ ಕೊನೆಯಲ್ಲಿ ಕಿತ್ತು ಒಣಗಿಸುತ್ತಾರೆ. ಹೆನಾನ್ ಪ್ರಾಂತ್ಯದ ನಾನ್‌ಝಾವ್ ಇದಕ್ಕೆ ಹೆಸರುವಾಸಿ. ನಮ್ಮ ಸಂಪಿಗೆಯೂ ಇದೇ ಬಳಗದ್ದು. ಮೊಗ್ಗನ್ನು ಉಗುರಿನಿಂದ ಸೀಳಿದರೆ ಒಳಗೆ ಪದರ ಪದರವಾಗಿ ದಳಗಳು ಸುತ್ತಿಕೊಂಡಿರುತ್ತವೆ. ಸಂಪಿಗೆಯ ಸಿಹಿ ಪರಿಮಳ ಇದಕ್ಕಿಲ್ಲ. ಕರ್ಪೂರಕ್ಕೆ ಮೆಣಸು ಬೆರೆತಂಥ ಖಾರದ ಗಂಧ, ಸೀದಾ ಹುಬ್ಬಿನ ನಡುವಿಗೇ ಹೋಗುತ್ತದೆ. ಆ ಕೂದಲಿನದೇ ತಾಪತ್ರಯ. ಹಾಗೇ ಕುದಿಸಿದರೆ ಕಷಾಯದಲ್ಲಿ ಸಣ್ಣ ಕೂದಲು ಉಳಿದು ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ. ಅದಕ್ಕೇ ಚೀಟಿಯಲ್ಲಿ ಅದರ ಪಕ್ಕ 'ಬಟ್ಟೆಯಲ್ಲಿ ಕಟ್ಟಿ ಕುದಿಸಿ' ಅಂತ ಬರೆದಿರುತ್ತಾರೆ. ನಾನು ಹಳೆಯ ಮಲ್ಲು ಪಂಚೆಯ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟುತ್ತೇನೆ. ಬಿಗಿಯಾಗಿ ಕಟ್ಟಿದರೆ ನೀರು ಒಳಗೆ ಹೋಗುವುದಿಲ್ಲ.

ಇನ್ನು ಕುದಿಸುವುದು. ಕಬ್ಬಿಣ, ಅಲ್ಯುಮಿನಿಯಂ ಪಾತ್ರೆ ಬೇಡ ಅಂತ ಎಲ್ಲರೂ ಹೇಳುತ್ತಾರೆ, ಮೂಲಿಕೆಯ ಒಗರು ಲೋಹದ ಜೊತೆ ಸೇರಿ ಕೆಡುತ್ತದೆ ಅಂತ. ಇಲ್ಲಿ ಸಿಗುವುದು ಪಕ್ಕಕ್ಕೆ ಹಿಡಿ, ಮೂತಿ ಇರುವ ಮಣ್ಣಿನ ಮಡಕೆ. ಪೊಟ್ಟಣದ ಸಾಮಾನನ್ನು ತೊಳೆಯುವುದಿಲ್ಲ. ಮಡಕೆಗೆ ಸುರಿದು, ಅದರ ಮೇಲೆ ಎರಡು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ ಅರ್ಧ ಗಂಟೆ ನೆನೆಸಿಡುತ್ತೇನೆ. ಬಿಸಿನೀರಿನಲ್ಲಿ ನೆನೆಸಿದರೆ ಮೇಲ್ಪದರ ಬೆಂದು ಬಿಗಿಯಾಗಿ ಸತ್ವ ಹೊರಗೆ ಬರುವುದಿಲ್ಲವಂತೆ. ಮೊದಲು ಜೋರು ಉರಿ, ಕುದಿ ಬಂದ ಮೇಲೆ ಸಣ್ಣ ಉರಿ. ಮೂಗಿನ ಮದ್ದನ್ನು ಜಾಸ್ತಿ ಹೊತ್ತು ಕುದಿಸಬಾರದು, ಹದಿನೈದು ಇಪ್ಪತ್ತು ನಿಮಿಷ ಸಾಕು. ಶಕ್ತಿಗೆ ಕೊಡುವ ಬೇರುಗಳ ಕಷಾಯವಾದರೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಎರಡನ್ನೂ ಒಂದೇ ಥರ ಕುದಿಸುವವರೇ ಜಾಸ್ತಿ. ಪುದೀನವನ್ನು ಬೇರೆ ಚಿಕ್ಕ ಪೊಟ್ಟಣದಲ್ಲಿ ಕೊಟ್ಟಿರುತ್ತಾರೆ. ಇಳಿಸಲು ಐದು ನಿಮಿಷ ಇರುವಾಗ ಅದನ್ನು ಹಾಕಿ ಮುಚ್ಚಳ ಮುಚ್ಚಬೇಕು.

ಗುವಾಂಗ್‌ಝೌ ಇರುವ ಗುವಾಂಗ್‌ಡೋಂಗ್ ಪ್ರಾಂತ್ಯದ ಅಜ್ಜಿಯರ ಅಳತೆ ಇನ್ನೂ ಸುಲಭ: ಮೂರು ಬಟ್ಟಲು ನೀರು ಕುದಿದು ಒಂದು ಬಟ್ಟಲಾಗಬೇಕು. ಮೂಗಿನ ಕಷಾಯಕ್ಕೆ ನಾನು ಅಷ್ಟು ಬತ್ತಿಸುವುದಿಲ್ಲ. ಸೋಸಿಕೊಂಡು, ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಎರಡನೇ ಸಲ ಕುದಿಸುತ್ತೇನೆ. ಎರಡನ್ನೂ ಬೆರೆಸಿ ಎರಡು ಪಾಲು ಮಾಡಿದರೆ ಬೆಳಿಗ್ಗೆಗೊಂದು, ರಾತ್ರಿಗೊಂದು. ಖಾಲಿ ಹೊಟ್ಟೆಗೆ ಬೇಡ, ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಕುಡಿಯುವುದಕ್ಕಿಂತ ಮೊದಲಿನದು. ಬಿಸಿ ಕಷಾಯವನ್ನು ಬಟ್ಟಲಿಗೆ ಬಗ್ಗಿಸಿ, ತಲೆಗೆ ಟವೆಲ್ ಹೊದ್ದು ಹಬೆ ತೆಗೆದುಕೊಳ್ಳುತ್ತೇನೆ. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ನಿಧಾನ ಎಳೆಯಬೇಕು. ಆಸ್ಪತ್ರೆಯಲ್ಲೂ ಇದನ್ನು ಮಾಡಿಸುತ್ತಾರೆ. ಮೂರ್ನಾಲ್ಕು ನಿಮಿಷಕ್ಕೆ ಒಳಗೆ ಏನೋ ಸಡಿಲವಾಗಿ ಇಳಿಯಲು ಶುರುವಾಗುತ್ತದೆ. ಮುಖವನ್ನು ತೀರಾ ಹತ್ತಿರ ಒಯ್ಯಬಾರದು, ಸುಡುತ್ತದೆ. ಪುದೀನದ ವಿಷಯದಲ್ಲಿ ಒಂದು ಮಾತು. ಅದು ಮೂಗನ್ನು ನಿಜವಾಗಿ ತೆರೆಯುವುದಿಲ್ಲ. ಮೆಂಥಾಲ್ ಮೂಗಿನ ಒಳಗಿನ ತಂಪು ಗುರುತಿಸುವ ನರಗಳನ್ನು ತಟ್ಟಿ, ಗಾಳಿ ಚೆನ್ನಾಗಿ ಓಡಾಡುತ್ತಿದೆ ಅಂತ ನಂಬಿಸುತ್ತದೆ. ನಮ್ಮ ಅಮೃತಾಂಜನ, ವಿಕ್ಸ್ ಕೊಡುವ ಹಾಯಿಯೂ ಬಹುಪಾಲು ಅದೇ. ನಂಬಿಸಲಿ ಬಿಡಿ. ರಾತ್ರಿ ನಿದ್ದೆ ಬಂದರೆ ಸಾಕು.

ರುಚಿ? ಹ್ವಾಂಗ್ ಚಿನ್‌ನ ಕಹಿ, ಬಾಯ್ ಜಿಯ ಖಾರ, ಯು ಶಿಂಗ್ ತ್ಸಾವ್‌ನ ಮೀನು ವಾಸನೆ, ಕೊನೆಗೆ ಜ್ಯೇಷ್ಠಮಧುವಿನ ಹುಸಿ ಸಿಹಿ. ಅಜ್ಜಿಯ ಶುಂಠಿ-ಮೆಣಸಿನ ಕಷಾಯ ಇದರ ಮುಂದೆ ಪಾಯಸ. ಕುಡಿದ ಮೇಲೆ ಬಾಯಿಗೆ ಹಾಕಿಕೊಳ್ಳಲು ಇಲ್ಲಿ ಶಾನ್ ಝಾ ಎಂಬ ಹುಳಿಹಣ್ಣಿನ ಬಿಲ್ಲೆಗಳು ಸಿಗುತ್ತವೆ. ಗುಲಾಬಿ ಬಣ್ಣ, ನಾಣ್ಯದ ಗಾತ್ರ. ಮಕ್ಕಳಿಗೆ ಕಷಾಯ ಕುಡಿಸಲು ಇಟ್ಟಿರುವ ಆಮಿಷ ಅದು. ನಾನೂ ಡಬ್ಬಿ ತುಂಬ ಇಟ್ಟುಕೊಂಡಿದ್ದೇನೆ.

ಪಥ್ಯವೂ ಇತ್ತು. ತಣ್ಣನೆಯ ಪಾನೀಯ, ಐಸ್‌ಕ್ರೀಂ, ಕರಿದದ್ದು, ಮಾವು ಬೇಡ. ಲಿಚಿ ಅಂತೂ ಬೇಡವೇ ಬೇಡ. ಒಂದು ಲಿಚಿ ಮೂರು ಬೆಂಕಿ ಅಂತ ಇಲ್ಲಿಯ ಗಾದೆ. ಕೊನೆಗೆ ಡಾಕ್ಟರಮ್ಮ ಕೇಳಿದರು, "ನೀವು ಭಾರತದವರು ರಾತ್ರಿ ಮೊಸರು ತಿನ್ನುತ್ತೀರಾ?" ಫೋನ್‌ನಲ್ಲಿ ಅಮ್ಮನಿಗೆ ಹೇಳಿದರೆ, "ನಾನು ಇಪ್ಪತ್ತು ವರ್ಷದಿಂದ ಬಡ್ಕೋತಿದೀನಿ, ಚೀನಾದೋರು ಹೇಳ್ಬೇಕಾಯ್ತಾ?" ಅಂತ ತರಾಟೆಗೆ ತೆಗೆದುಕೊಂಡರು.

ಪರಿಣಾಮ ಹೇಗಿತ್ತು ಅಂದರೆ, ಪವಾಡವೇನೂ ಆಗಲಿಲ್ಲ. ಮೊದಲ ಕೆಲವು ದಿನ ಸಿಂಬಳ ಇನ್ನೂ ಜಾಸ್ತಿ ಇಳಿಯಿತು. ಆಮೇಲೆ ಹಳದಿ ಹೋಗಿ ಬಿಳಿಯಾಯಿತು. ಬಗ್ಗಿದಾಗ ಆಗುತ್ತಿದ್ದ ಕೆನ್ನೆ ನೋವು ಕಮ್ಮಿಯಾಯಿತು. ಒಂದು ಸಂಜೆ ಆಫೀಸಿನ ಕೆಳಗೆ ಗೆಣಸು ಸುಡುವ ವಾಸನೆ ಬಂದಾಗ ಗೊತ್ತಾಯಿತು, ಮೂಗು ಮತ್ತೆ ಕೆಲಸ ಶುರು ಮಾಡಿದೆ ಅಂತ. ಆದರೆ ಕೀರ್ತಿಯನ್ನೆಲ್ಲ ಕಷಾಯಕ್ಕೇ ಕೊಡಲಾರೆ. ಅದೇ ಡಾಕ್ಟರಮ್ಮ ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದ್ದರು, ಕುದಿಸಿ ಆರಿಸಿದ ನೀರಿನಲ್ಲೇ. ಸ್ಟೀರಾಯ್ಡ್ ಸ್ಪ್ರೇಯನ್ನೂ ನಿಲ್ಲಿಸಲು ಬಿಡಲಿಲ್ಲ. ಮನೆಯಲ್ಲಿ ತೇವ ಹೀರುವ ಯಂತ್ರ ಇಟ್ಟೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಒಟ್ಟಿಗೆ ಕೆಲಸ ಮಾಡಿದವು.

ಶೀತದ ಮೂಗಿನ ಕಥೆ ಬೇರೆ. ಡಿಸೆಂಬರ್‌ನಲ್ಲಿ ಉತ್ತರದ ಗಾಳಿ ಬೀಸಿ ಮೂಗು ನೀರಿನಂತೆ ಸುರಿಯತೊಡಗಿದಾಗ, ಉಳಿದಿದ್ದ ಹಳೆಯ ಪೊಟ್ಟಣವನ್ನೇ ಕುದಿಸಲು ಹೊರಟಿದ್ದೆ. ಮನೆ ಮಾಲೀಕರ ತಾಯಿ ತಡೆದರು. ಉಷ್ಣಕ್ಕೆ ಕೊಟ್ಟ ತಂಪು ಮದ್ದನ್ನು ಶೀತಕ್ಕೆ ಕುಡಿದರೆ ಇನ್ನೂ ಹದಗೆಡುತ್ತದೆ ಅಂತ ಅವರ ವಾದ. ಈರುಳ್ಳಿ ಹೂವಿನ ಬಿಳಿ ದಂಟನ್ನು ಬೇರಿನ ಸಮೇತ ತೊಳೆದು, ಜಜ್ಜಿದ ಶುಂಠಿಯ ಜೊತೆ ಐದು ನಿಮಿಷ ಕುದಿಸಿ, ಕಪ್ಪು ಬೆಲ್ಲ ಹಾಕಿ ಬಿಸಿಬಿಸಿ ಕುಡಿಸಿದರು. ಆಮೇಲೆ ಹೊದ್ದು ಮಲಗಬೇಕು. ಸಣ್ಣಗೆ ಬೆವರು ಬಂದರೆ ಸಾಕು, ತೊಪ್ಪೆಯಾಗಬಾರದು. ಇದರ ಅಣ್ಣನಂಥದ್ದೊಂದು ಹಳೆಯ ಕಷಾಯವಿದೆ, ಈರುಳ್ಳಿ ದಂಟಿಗೆ ಹುದುಗಿಸಿದ ಕಪ್ಪು ಸೋಯಾ ಕಾಳು ಸೇರಿಸಿದ್ದು. ನಾಲ್ಕನೇ ಶತಮಾನದ ಗ ಹೋಂಗ್ ಎಂಬ ವೈದ್ಯ ಬರೆದಿಟ್ಟದ್ದು. ಆತ ಕೊನೆಗಾಲ ಕಳೆದದ್ದು ಇಲ್ಲೇ ಗುವಾಂಗ್‌ಡೋಂಗ್‌ನ ಲ್ವೋಫು ಬೆಟ್ಟದಲ್ಲಿ. ಮಲೇರಿಯಾ ಔಷಧಿಗೆ 2015ರಲ್ಲಿ ನೊಬೆಲ್ ಪಡೆದ ತೂ ಯೋಯೋ ಅವರಿಗೆ ಸುಳಿವು ಸಿಕ್ಕಿದ್ದೂ ಆತನ ಗ್ರಂಥದಲ್ಲೇ. ನಮ್ಮ ಅಡುಗೆಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದದ್ದು ಈ ಶುಂಠಿ-ಈರುಳ್ಳಿ ದಂಟು ಒಂದೇ.

ಮೂಗು ಚೆನ್ನಾಗಿರುವಾಗ, ಕೆಟ್ಟ ಹವೆ ಬರುವ ಮೊದಲು, ಯು ಪಿಂಗ್ ಫಂಗ್ ಎಂಬ ಮೂರು ಮೂಲಿಕೆಯ ಪುಡಿ ಕೊಡುತ್ತಾರೆ. ಮೈಗೆ ತಡೆಗೋಡೆ ಕಟ್ಟುತ್ತದೆ ಅಂತ. ಕುಡಿದಿದ್ದೇನೆ. ಫರಕು ನನಗೆ ಗೊತ್ತಾಗಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಜಾತ್ರೆಯಿದೆ. ಜುಲೈ ಮಧ್ಯದಿಂದ ಆಗಸ್ಟ್‌ವರೆಗಿನ ಸುಡುದಿನಗಳಲ್ಲಿ ಬಿಳಿ ಸಾಸಿವೆ ಪುಡಿಗೆ ಶುಂಠಿ ರಸ ಕಲಸಿ ಬೆನ್ನಿಗೆ ಅಂಟಿಸುತ್ತಾರೆ. ಚಳಿಗಾಲದ ರೋಗಕ್ಕೆ ಬೇಸಿಗೆಯಲ್ಲೇ ಮದ್ದು ಅನ್ನುವ ಲೆಕ್ಕ. ಆಸ್ಪತ್ರೆಗಳ ಮುಂದೆ ದೊಡ್ಡ ಸಾಲು. ನನಗೆ ಬೆನ್ನು ಉರಿದು ಬೊಬ್ಬೆ ಬಂತು, ಮತ್ತೆ ಆ ಕಡೆ ಹೋಗಲಿಲ್ಲ.

ಈಗ ವಿಷದ ಮಾತು. ತ್ಸಾಂಗ್‌ಅರ್‌ಜ಼ ಕಾಯಿಯನ್ನು ಮೊದಲ ಸಲ ಶಾಮ್ಯೆನ್ ದ್ವೀಪದ ಪಕ್ಕದ ಚಿಂಗ್‌ಪಿಂಗ್ ಮಾರುಕಟ್ಟೆಯಲ್ಲಿ ಗೋಣಿಚೀಲದಲ್ಲಿ ನೋಡಿದಾಗ ನಗು ಬಂತು. ನಮ್ಮ ಕೆರೆ ಏರಿಯ ಮೇಲೆ, ಪಾಳು ಜಾಗದಲ್ಲಿ ಬೆಳೆದು ಪ್ಯಾಂಟಿಗೆ, ನಾಯಿಯ ಮೈಗೆ ಅಂಟಿಕೊಳ್ಳುವ ಮರುಳುಮತ್ತಿ ಕಾಯಿಯ ಪಡಿಯಚ್ಚು. ವಿಷಯ ತಿಳಿದ ಅಮ್ಮ, ಊರಲ್ಲೇ ಬೇಕಾದಷ್ಟಿದೆ, ಕಿತ್ತು ಕುದಿಸಿ ಕುಡಿಯಲಾ ಅಂತ ಕೇಳಿದರು. "ಬೇಡಮ್ಮ, ಮುಟ್ಟಲೇಬೇಡ" ಅಂದೆ. ಈ ಕಾಯಿಯಲ್ಲಿ ಲಿವರ್‌ಗೆ ಹೊಡೆಯುವ ವಿಷವಿದೆ. ಚೀನಾದ ಔಷಧಕೋಶವೇ ಇದನ್ನು ವಿಷವುಳ್ಳದ್ದು ಅಂತ ಗುರುತು ಹಾಕಿದೆ. 2007ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆ ನೆರೆ ಬಂದು ತಿನ್ನಲು ಏನೂ ಇಲ್ಲದಾಗ, ಜನ ಇದರ ಎಳೆ ಸಸಿಗಳನ್ನು ಸೊಪ್ಪಿನಂತೆ ಬೇಯಿಸಿ ತಿಂದು ಹಲವರು ಸತ್ತರು. ಔಷಧಿಗೆ ಬಳಸುವ ಮೊದಲು ಕಾಯಿಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಮುಳ್ಳು ಉದುರಿಸಿ, ಜರಡಿ ಹಿಡಿಯುತ್ತಾರೆ. ಆಗ ವಿಷ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಾನು ಪೊಟ್ಟಣ ಬಿಚ್ಚಿದಾಗ ಮೊದಲು ನೋಡುವುದೇ ಇದನ್ನು. ಹಸಿರು-ಹಳದಿ ಬಣ್ಣ, ಪೂರ್ತಿ ಮುಳ್ಳು ಇದ್ದರೆ ವಾಪಸ್. ಮನೆಯಲ್ಲಿ ಬಾಣಲೆಯಲ್ಲಿ ಹುರಿದು ನೋಡೋಣ ಅನ್ನುವ ಕೆಲಸ ಬೇಡ. ತಿಂಗಳುಗಟ್ಟಲೆ ಕುಡಿಯುವುದೂ ಬೇಡ. ಒಂದೆರಡು ವಾರ ಕುಡಿದು ನಿಲ್ಲಿಸುತ್ತೇನೆ, ಆಗಾಗ ಲಿವರ್ ಪರೀಕ್ಷೆ ಮಾಡಿಸುತ್ತೇನೆ.

ಇನ್ನೊಂದು ಶಿ ಶಿನ್. ಶೀತದ ಮೂಗಿಗೆ ಹಾಕುವ ತೆಳ್ಳನೆಯ ಬೇರು. ಒಂದು ಎಳೆ ಕಚ್ಚಿದರೆ ನಾಲಿಗೆ ಜೋಮು ಹಿಡಿಯುತ್ತದೆ. ಒಂದು ಚಿಯೆನ್ ಮೀರಬಾರದು ಅಂತ ಹಳೆಯ ಎಚ್ಚರಿಕೆಯೇ ಇದೆ. ಇದರ ಎಲೆ, ಕಾಂಡದಲ್ಲಿ ಮೂತ್ರಪಿಂಡ ಹಾಳು ಮಾಡಿ ಕ್ಯಾನ್ಸರ್ ತರುವ ಅರಿಸ್ಟೊಲೋಕಿಕ್ ಆಮ್ಲ ಇರುವುದರಿಂದ, 2005ರ ಔಷಧಕೋಶದಿಂದ ಬೇರಿನ ಭಾಗ ಮಾತ್ರ ಬಳಸಬೇಕು ಅಂತಾಯಿತು. ಇದೇ ಆಮ್ಲವಿರುವ ಬೇರು ತಪ್ಪಾಗಿ ಬೆರೆತು 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಮಹಿಳೆಯರ ಕಿಡ್ನಿ ಕೆಟ್ಟಿತ್ತು. ಇಷ್ಟು ಓದಿದ ಮೇಲೆ ಶಿ ಶಿನ್ ನನ್ನ ಚೀಟಿಯಲ್ಲಿ ಬೇಡ ಅಂತ ಕೇಳಿಕೊಂಡೆ. ಡಾಕ್ಟರಮ್ಮ ಬೇಸರವಿಲ್ಲದೆ ತೆಗೆದರು.

ಸಿದ್ಧ ಮಾತ್ರೆಗಳ ಬಗ್ಗೆ ನನಗೆ ತಕರಾರಿದೆ. ಪೆಟ್ಟಿಗೆಯ ಮೇಲೆ ಹಸಿರು ಎಲೆಯ ಚಿತ್ರ, ಒಳಗೆ ಮೂಲಿಕೆಗಳ ಉದ್ದ ಪಟ್ಟಿ, ಪಟ್ಟಿಯ ಕೊನೆಯಲ್ಲಿ ಮಾತ್ರ ಕ್ಲೋರ್‌ಫೆನಿರಮೈನ್. ನಮ್ಮಲ್ಲಿ ನೆಗಡಿ ಮಾತ್ರೆಗಳಲ್ಲಿ ಇರುವ ಅದೇ ನಿದ್ದೆ ಬರಿಸುವ ರಾಸಾಯನಿಕ. ನಾನು ಅಂಥದ್ದೊಂದನ್ನು ನುಂಗಿ ಫೋಷಾನ್‌ನ ಮೀಟಿಂಗ್‌ನಲ್ಲಿ ಟೈಲ್ಸ್ ಸ್ಯಾಂಪಲ್ ಮುಂದೆ ತೂಕಡಿಸಿದ್ದೇನೆ. ಎಷ್ಟೋ ಮಾತ್ರೆಗಳಲ್ಲಿ ಮಾ ಹ್ವಾಂಗ್ ಎಂಬ ಮೂಲಿಕೆ ಕೂಡ ಇರುತ್ತದೆ. 1885ರಲ್ಲಿ ಜಪಾನಿನ ನಾಗಾಯಿ ನಾಗಯೋಶಿ ಇದರಿಂದಲೇ ಎಫೆಡ್ರಿನ್ ಎಂಬ ರಾಸಾಯನಿಕ ಬೇರ್ಪಡಿಸಿದ್ದು. ಮೂಗು ಬಿಡಿಸುತ್ತದೆ, ನಿಜ. ಜೊತೆಗೆ ಎದೆ ಡವಡವ, ಬಿಪಿ ಮೇಲಕ್ಕೆ. ಬಿಪಿ ಇರುವವರು ಇಂಥ ಮಾತ್ರೆಯನ್ನು ಮೂಲಿಕೆ ತಾನೇ ಅಂತ ನುಂಗಬಾರದು. ಜ್ಯೇಷ್ಠಮಧುವೂ ದಿನಗಟ್ಟಲೆ ಹೊಟ್ಟೆಗೆ ಹೋದರೆ ಬಿಪಿ ಏರಿಸುತ್ತದೆ.

ಈಗ ನನ್ನ ಪದ್ಧತಿ ಸರಳ. ಉಪ್ಪುನೀರು ಮತ್ತು ಸ್ಪ್ರೇ ದಿನವೂ. ನೀರು ಸುರಿದರೆ ಶುಂಠಿ-ಈರುಳ್ಳಿ ದಂಟು. ಹಳದಿಯಾಗಿ ಮುಖ ನೋಯತೊಡಗಿದರೆ ಡಾಕ್ಟರಮ್ಮನ ಹತ್ತಿರ ಹೋಗಿ ಹೊಸ ಚೀಟಿ, ಹಳೆಯದನ್ನು ಮತ್ತೆ ಕಟ್ಟಿಸುವುದಿಲ್ಲ. ಮೂಗಿನ ಎರಡು ಪಕ್ಕ, ಹೊಳ್ಳೆ ಮುಗಿಯುವ ಗೆರೆಯಲ್ಲಿ ಇಂಗ್ ಶ್ಯಾಂಗ್ ಅಂತ ಒಂದು ಬಿಂದುವಿದೆ. ಬಸ್ಸಿನಲ್ಲಿ ಕೂತಾಗ ತೋರುಬೆರಳಲ್ಲಿ ಅದನ್ನು ಒತ್ತಿಕೊಳ್ಳುವ ಅಭ್ಯಾಸವೂ ಆಗಿದೆ, ಅದಕ್ಕೆ ಖರ್ಚಿಲ್ಲ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ನನ್ನ ಮಡಕೆಯಿಂದ ಏನನ್ನೂ ಕೊಡುವುದಿಲ್ಲ. ಜ್ವರ ಏರಿದರೆ, ಕಣ್ಣಿನ ಸುತ್ತ ಊದಿದರೆ, ದೃಷ್ಟಿ ಮಂಜಾದರೆ, ಒಂದೇ ಹೊಳ್ಳೆಯಿಂದ ರಕ್ತ ಬೆರೆತು ಬರತೊಡಗಿದರೆ ಕಷಾಯ ಕುದಿಯುವವರೆಗೂ ಕಾಯುವ ಪ್ರಶ್ನೆಯಿಲ್ಲ. ಆವತ್ತೇ ಮೂಗಿನ ಡಾಕ್ಟರ ಬಳಿ ಹೋಗಬೇಕು.